ಹನ್ನೊಂದು ತಿಂಗಳ ಅಗ್ರಿಮೆಂಟು, ಬಹುವಾರ್ಷಿಕ ಗಿಡ

ಬೀಜದ ಪ್ಯಾಕೆಟ್ಟಿನ ಮೇಲೆ ಇಂಗ್ಲಿಷಿನಲ್ಲಿ ಎರಡು ಪದಗಳಿದ್ದವು: ಹಾರ್ಡಿ ಪೆರೆನಿಯಲ್. ಪೆರೆನಿಯಲ್ ಎಂದರೆ ಬಹುವಾರ್ಷಿಕ, ಎರಡು ವರ್ಷಕ್ಕಿಂತ ಹೆಚ್ಚು ಕಾಲ ಬದುಕುವ ಸಸ್ಯ. ಇದು ಎಸ್ಸೆಸ್ಸೆಲ್ಸಿಯಲ್ಲೇ ಗೊತ್ತಿತ್ತು. ಹಾರ್ಡಿ ಎಂದರೆ ಗಟ್ಟಿಮುಟ್ಟು ಎಂದುಕೊಂಡೆ. ಎರಡನ್ನೂ ಸೇರಿಸಿ ಉಮ್ಮನಿಗೆ ಹೇಳಿದೆ, "ಒಮ್ಮೆ ನೆಟ್ಟರೆ ವರ್ಷಗಟ್ಟಲೆ ಇರುವ ಗಟ್ಟಿ ಗಿಡ." ಉಮ್ಮ ಮೀನು ಕೊಯ್ಯುತ್ತಿದ್ದವರು ತಲೆ ಎತ್ತದೆ ಕೇಳಿದರು, "ಅದು ಇರುತ್ತದೆ. ನಾವು ಇರುತ್ತೇವಾ?"

ನಮ್ಮದು ಬಾಡಿಗೆ ಮನೆ. ಉಪ್ಪ ಬಿ.ಸಿ.ರೋಡಿನಲ್ಲಿ ಆಟೋ ಓಡಿಸುತ್ತಾರೆ. ನನಗೆ ನೆನಪಿರುವ ಹಾಗೆ ಗೂಡಿನಬಳಿ, ಮೆಲ್ಕಾರ್, ಪಾಣೆಮಂಗಳೂರು, ಈಗ ಕೈಕಂಬದ ಒಳರಸ್ತೆ, ಹೀಗೆ ನಾಲ್ಕು ಮನೆ. ಎಲ್ಲವೂ ಐದಾರು ಕಿಲೋಮೀಟರಿನೊಳಗೆ. ಬಾಡಿಗೆ ಮನೆಯ ಅಗ್ರಿಮೆಂಟು ಸಾಮಾನ್ಯವಾಗಿ 11 ತಿಂಗಳದ್ದು. ಹನ್ನೆರಡು ತಿಂಗಳು ಮೀರಿದರೆ ಅದನ್ನು ನೋಂದಣಿ ಮಾಡಿಸಬೇಕಾಗುತ್ತದೆ, ಆ ಖರ್ಚು ಯಾರಿಗೂ ಬೇಡ. ಮಾಲೀಕರು ಒಳ್ಳೆಯವರಾದರೆ ಅದು ಮುಂದುವರಿಯುತ್ತದೆ. ಮಗನ ಮದುವೆಯೋ, ಊರಿಗೆ ವಾಪಸಾಗುವ ಗಲ್ಫಿನ ಅಣ್ಣನೋ ಇದ್ದರೆ ನಿಲ್ಲುತ್ತದೆ. ಇದರಲ್ಲಿ ಯಾರದ್ದೂ ತಪ್ಪಿಲ್ಲ. ಆದರೆ ಹನ್ನೊಂದು ತಿಂಗಳ ಕಾಗದದ ಮೇಲೆ ಬದುಕುವವರು ಬಹುವಾರ್ಷಿಕ ಗಿಡ ನೆಡುವುದು ಹೇಗೆ ಎಂಬ ಪ್ರಶ್ನೆ ಇದ್ದೇ ಇದೆ. ನಮ್ಮ ತರಗತಿಯಲ್ಲೇ ಬಾಡಿಗೆ ಮನೆಯವರು ಎಷ್ಟು ಮಂದಿ ಇದ್ದೇವೆ ಎಂದು ಒಮ್ಮೆ ಲೆಕ್ಕ ಹಾಕಿ ನೋಡಿ.

ಉಮ್ಮನದ್ದು ಒಂದು ಕಾನೂನು: ನೆಲದಲ್ಲಿ ನೆಟ್ಟದ್ದು ಮನೆಯ ಮಾಲೀಕರದ್ದು, ಚಟ್ಟಿಯಲ್ಲಿ ಇದ್ದದ್ದು ನಮ್ಮದು. ಮೆಲ್ಕಾರಿನ ಮನೆಯಲ್ಲಿ ನಾವು ನೆಟ್ಟ ಕರಿಬೇವು ಈಗ ಮಾಡಿನ ಎತ್ತರಕ್ಕೆ ಬಂದಿದೆ. ಆ ದಾರಿಯಲ್ಲಿ ಬಸ್ಸಿನಲ್ಲಿ ಹೋಗುವಾಗ ಉಮ್ಮ ಕಿಟಕಿಯಿಂದ ನೋಡುತ್ತಾರೆ. ಹೆಚ್ಚು ಮಾತಾಡುವುದಿಲ್ಲ.

ಇನ್ನು ಬೀಜಕ್ಕೆ ಬರುತ್ತೇನೆ. ಮಾಮಿ ಇಂಗ್ಲೆಂಡಿನ ಲೆಸ್ಟರಿನಲ್ಲಿದ್ದಾರೆ. ಅವರ ಮನೆಯ ಹಿಂದೆ ನಮ್ಮ ತರಗತಿ ಕೋಣೆಯ ಅರ್ಧದಷ್ಟು ಜಾಗವಿದೆ. ಅದರಲ್ಲಿ ಬೂದು ಹಸಿರು ಎಲೆಯ, ನೀಲಿ ಹೂವಿನ ಒಂದು ಪೊದೆ. ಪಕ್ಕದ ಮನೆಯ ಬೆಕ್ಕು ದಿನಾ ಬಂದು ಅದರ ಮೇಲೆ ಹೊರಳಾಡುವ ವಿಡಿಯೋ ಕಳಿಸಿದ್ದರು. ಅದಕ್ಕೆ ಅಲ್ಲಿ ಕ್ಯಾಟ್‌ಮಿಂಟ್ ಎನ್ನುತ್ತಾರೆ. ಕನ್ನಡದಲ್ಲಿ ಹೆಸರು ಸಿಗದೆ ನಾನು ಬೆಕ್ಕಿನ ಪುದಿನ ಎಂದು ಕರೆದೆ, ಮನೆಯಲ್ಲಿ ಈಗ ಅದೇ ಹೆಸರು ಉಳಿದಿದೆ. ನಮ್ಮ ಮುನ್ನಿ ಎಂಬ ಬೆಕ್ಕಿಗಾಗಿ ಒಂದು ಗಿಡ ತನ್ನಿ ಮಾಮಿ ಎಂದು ಕೇಳಿದೆ. "ಹಾಗೆಲ್ಲ ಬ್ಯಾಗಿನಲ್ಲಿ ತರುವಂತಿಲ್ಲ ಮೋಳೇ, ಗಿಡಕ್ಕೂ ಬೀಜಕ್ಕೂ ತಪಾಸಣೆ ಇದೆ" ಎಂದರು. ಅವರು ಹೇಳಿದ್ದು ಸರಿ. ಒಂದು ದೇಶದ ರೋಗ, ಹುಳ ಇನ್ನೊಂದು ದೇಶಕ್ಕೆ ದಾಟುವುದು ಹೀಗೆಯೇ. ಆದ್ದರಿಂದ ಪ್ರಥಮ ಪಿಯುಸಿಯ ನವೆಂಬರಿನಲ್ಲಿ ಬೀಜವನ್ನು ಇಲ್ಲಿಯೇ ಆನ್‌ಲೈನಿನಲ್ಲಿ ತರಿಸಿದೆವು.

ಮಾಮಿಯ ಗಿಡಕ್ಕೂ ನನ್ನ ಬೀಜಕ್ಕೂ ಒಂದು ವ್ಯತ್ಯಾಸವಿದೆ. ಅಲ್ಲಿನ ತೋಟಗಳಲ್ಲಿ ನೀಲಿ ಹೂವಿಗಾಗಿ ಬೆಳೆಸುವ ಕ್ಯಾಟ್‌ಮಿಂಟ್ ಹೆಚ್ಚಾಗಿ ನೆಪೆಟಾ ಫಾಸೆನಿ ಎಂಬ ಮಿಶ್ರತಳಿ. ಅದು ಬಂಜೆ, ಬೀಜ ಕಟ್ಟುವುದಿಲ್ಲ. ಬುಡ ಸೀಳಿ, ಇಲ್ಲವೇ ಗೆಲ್ಲು ನೆಟ್ಟು ಹೆಚ್ಚಿಸುತ್ತಾರೆ. ಬೀಜವಾಗಿ ಸಿಗುವುದು ನೆಪೆಟಾ ಕಟಾರಿಯಾ. ಇದರ ಹೂವು ಬಿಳಿ, ಮೇಲೆ ನೇರಳೆ ಚುಕ್ಕಿ. ನೋಡಲು ಅಷ್ಟೊಂದು ಚೆಂದ ಇಲ್ಲ, ಆದರೆ ಬೆಕ್ಕುಗಳನ್ನು ಹೆಚ್ಚು ಸೆಳೆಯುವುದು ಇದೇ. ಎರಡೂ ಲೇಮಿಯೇಸಿ ಕುಟುಂಬಕ್ಕೆ ಸೇರಿದವು, ಅಂದರೆ ತುಳಸಿ, ಪುದಿನ, ಕಾಮಕಸ್ತೂರಿಯ ಬಳಗ. ಉಪವಾಸದ ತಿಂಗಳಲ್ಲಿ ಶರಬತ್ತಿಗೆ ಹಾಕುವ, ನೀರಿನಲ್ಲಿ ಉಬ್ಬಿ ಕಪ್ಪೆ ಮೊಟ್ಟೆಯ ಹಾಗೆ ಕಾಣುವ ಕಪ್ಪು ಬೀಜ ಇದೆಯಲ್ಲ, ಅದು ಕಾಮಕಸ್ತೂರಿಯದ್ದೇ. ಈ ಬಳಗದ ಗುರುತು ಸುಲಭ: ದಂಟನ್ನು ಬೆರಳುಗಳ ನಡುವೆ ಉರುಳಿಸಿದರೆ ನಾಲ್ಕು ಮೂಲೆ ತಾಗುತ್ತದೆ, ಎಲೆಗಳು ಎದುರುಬದುರು, ಉಜ್ಜಿದರೆ ಪರಿಮಳ.

ಐದು ಚಟ್ಟಿ ಮಾಡಿದೆವು. ಚಟ್ಟಿ ಎಂದರೆ ಎರಡು ಪೇಂಟಿನ ಬಾಲ್ದಿ, ಎರಡು ಎಣ್ಣೆ ಡಬ್ಬಿ, ಒಂದು ನಿಜವಾದ ಮಣ್ಣಿನ ಚಟ್ಟಿ. ಕೆಂಪು ಮಣ್ಣು, ಪಕ್ಕದಲ್ಲಿ ಮನೆ ಕಟ್ಟುತ್ತಿದ್ದವರಲ್ಲಿ ಕೇಳಿ ತಂದ ಹೊಯ್ಗೆ, ಒಣಗಿದ ಸೆಗಣಿ ಹುಡಿ. ಹೊಯ್ಗೆ ಸ್ವಲ್ಪ ಹೆಚ್ಚೇ ಬೇಕು, ಈ ಗಿಡಕ್ಕೆ ಬುಡದಲ್ಲಿ ನೀರು ನಿಲ್ಲಬಾರದು. ಬೀಜ ರಾಗಿಗಿಂತ ಸಣ್ಣದು, ಆಳಕ್ಕೆ ಹಾಕಿದರೆ ಮೇಲೆ ಬರುವುದಿಲ್ಲ; ಉದುರಿಸಿ ಮೇಲೆ ಬೆರಳಿನಲ್ಲಿ ಹೊಯ್ಗೆ ಸವರಿದರೆ ಸಾಕು. ಹತ್ತನೇ ದಿನ ಮೊಳಕೆ ಕಂಡಿತು. ಗೇಣುದ್ದ ಆದಾಗ ತುದಿ ಚಿವುಟಿದೆ, ಪಕ್ಕದಿಂದ ಎರಡೆರಡು ಗೆಲ್ಲು ಒಡೆದವು. ಜನವರಿಗೆ ಐದೂ ಚಟ್ಟಿ ತುಂಬಿ ನಿಂತವು.

ಮುನ್ನಿಗೆ ಇದು ಗೊತ್ತಾದದ್ದು ನಾನು ತುದಿ ಚಿವುಟಿದ ದಿನ. ಎಲೆ ಜಜ್ಜಿದಾಗಲೇ ವಾಸನೆ ಹರಡುವುದು, ಸುಮ್ಮನೆ ನಿಂತ ಗಿಡದ ಹತ್ತಿರ ಅವಳು ಎರಡು ತಿಂಗಳು ಹಾದುಹೋಗಿದ್ದಳು. ಅಂದು ಮೂಸಿದಳು, ಕೆನ್ನೆ ಉಜ್ಜಿದಳು, ಆಮೇಲೆ ಚಟ್ಟಿಯನ್ನೇ ಅಪ್ಪಿಕೊಂಡು ಸಿಟೌಟಿನಲ್ಲಿ ಉರುಳಿದಳು. ಹತ್ತು ನಿಮಿಷ. ಆಮೇಲೆ ಏನೂ ಆಗಿಲ್ಲ ಎಂಬಂತೆ ಎದ್ದು ಮೈ ನೆಕ್ಕತೊಡಗಿದಳು. ಅವಳ ಮೂರು ತಿಂಗಳ ಮರಿ ಪಕ್ಕದಲ್ಲೇ ಕುಳಿತು ಅಮ್ಮನನ್ನು ವಿಚಿತ್ರವಾಗಿ ನೋಡುತ್ತಿತ್ತು.

ಇದರ ಕಾರಣವನ್ನು ನಮ್ಮ ಜೀವಶಾಸ್ತ್ರ ಮೇಡಂ ವಿವರಿಸಿದರು, ಉಳಿದದ್ದನ್ನು ನಾನು ಓದಿಕೊಂಡೆ. ಎಲೆಯಲ್ಲಿರುವ ವಸ್ತುವಿನ ಹೆಸರು ನೆಪೆಟಾಲ್ಯಾಕ್ಟೋನ್. ಇದು ಮೂಗಿನ ಮೂಲಕ ಕೆಲಸ ಮಾಡುತ್ತದೆ, ಹೊಟ್ಟೆಯ ಮೂಲಕ ಅಲ್ಲ. ಸುಮಾರು ಮೂರರಲ್ಲಿ ಎರಡು ಬೆಕ್ಕುಗಳಿಗೆ ಮಾತ್ರ ಇದರ ಅಮಲು ಏರುತ್ತದೆ, ಉಳಿದವಕ್ಕೆ ಹುಲ್ಲೂ ಒಂದೇ ಇದೂ ಒಂದೇ. ಈ ಗುಣ ತಂದೆತಾಯಿಯಿಂದ ಬರುತ್ತದೆ. ಒಂದೇ ಪ್ರಬಲ ಜೀನಿನ ಕೆಲಸ ಎಂದು ಮೊದಲು ನಂಬಿದ್ದರು, ಈಗ ಹಲವು ಜೀನ್‌ಗಳು ಸೇರಿವೆ ಎನ್ನುತ್ತಾರೆ. ಮರಿಗಳಲ್ಲಿ ಕೆಲವು ತಿಂಗಳು ಕಳೆದ ಮೇಲೆಯೇ ಕಾಣಿಸಿಕೊಳ್ಳುತ್ತದೆ. ಚಟವಾಗುವುದಿಲ್ಲ. ಒಮ್ಮೆ ಉರುಳಿದ ಬೆಕ್ಕು ಮತ್ತೆ ಒಂದಷ್ಟು ಹೊತ್ತು ಅದರ ಕಡೆ ತಿರುಗಿಯೂ ನೋಡುವುದಿಲ್ಲ.

ಗಿಡ ಇದನ್ನು ಬೆಕ್ಕಿಗಾಗಿ ತಯಾರಿಸುವುದಲ್ಲ, ಕೀಟಗಳನ್ನು ದೂರ ಇಡಲು. ಜಪಾನಿನ ಇವಾಟೆ ವಿಶ್ವವಿದ್ಯಾಲಯದ ಮಸಾವೊ ಮಿಯಾಝಾಕಿ ಮತ್ತು ಅವರ ತಂಡ 2021ರಲ್ಲಿ ಪ್ರಕಟಿಸಿದ ಸಂಶೋಧನೆ ನನಗೆ ಬಹಳ ಇಷ್ಟವಾಯಿತು. ಅಲ್ಲಿ ಬೆಕ್ಕುಗಳಿಗೆ ಪ್ರಿಯವಾದದ್ದು ಮಟಟಾಬಿ ಎಂಬ ಬಳ್ಳಿ, ಕಿವಿ ಹಣ್ಣಿನ ಸಂಬಂಧಿ. ಅದರ ರಾಸಾಯನಿಕವನ್ನು ಮುಖಕ್ಕೆ ಉಜ್ಜಿಕೊಂಡ ಬೆಕ್ಕಿನ ತಲೆಯ ಮೇಲೆ ಸೊಳ್ಳೆಗಳು ಕಡಿಮೆ ಕುಳಿತವು. ಅಂದರೆ ಬೆಕ್ಕಿನ ಆ ಹುಚ್ಚಾಟ ಸೊಳ್ಳೆಯಿಂದ ರಕ್ಷಣೆಯೂ ಆಗಿರಬಹುದು. ಇದನ್ನು ಹೇಳಿದಾಗ ಉಮ್ಮ, "ಹಾಗಾದರೆ ಮಳೆಗಾಲಕ್ಕೆ ನಾವೂ ಉರುಳುವ" ಎಂದರು. ನಾನು ಕೈಗೆ ಉಜ್ಜಿಕೊಂಡು ನೋಡಿದೆ. ಕೈಕಂಬದ ಸೊಳ್ಳೆಗಳು ಆ ಪ್ರಬಂಧ ಓದಿದ ಹಾಗೆ ಕಾಣಲಿಲ್ಲ. ಬಲೆ ಕಟ್ಟುವುದನ್ನೂ ಚಟ್ಟಿಯಡಿಯ ತಟ್ಟೆಯ ನೀರು ಚೆಲ್ಲುವುದನ್ನೂ ಯಾರೂ ಬಿಡಬೇಡಿ.

ಬೆಕ್ಕು ಗಿಡದ ಮೇಲೆ ಮಲಗಿದರೆ ಗಿಡ ಉಳಿಯುವುದಿಲ್ಲ. ಅದಕ್ಕೆ ಮೀನಿನವರು ಬಿಟ್ಟ, ತಳ ಹರಿದ ಪ್ಲಾಸ್ಟಿಕ್ ಬುಟ್ಟಿಯನ್ನು ಚಟ್ಟಿಯ ಮೇಲೆ ಕವುಚಿ ಹಾಕಿದೆವು. ಹೊರಗೆ ಇಣುಕಿದ ಎಲೆ ಮುನ್ನಿಯ ಪಾಲು, ಒಳಗಿನದ್ದು ಗಿಡದ ಪಾಲು. ಬುಟ್ಟಿಗೆ ಮೀನಿನ ವಾಸನೆಯೂ ಇದ್ದದ್ದರಿಂದ ಮುನ್ನಿಗೆ ಯಾವುದಕ್ಕೆ ಉರುಳಬೇಕೆಂದು ಕೆಲವು ದಿನ ಗೊಂದಲವಾಗಿತ್ತು.

ಆಮೇಲೆ ಜೂನ್ ಬಂತು.

ಹಾರ್ಡಿ ಎಂಬ ಪದದ ನಿಜವಾದ ಅರ್ಥ ಆಗ ತಿಳಿದದ್ದು. ಆ ಪದ ಚಳಿ ದೇಶಗಳ ತೋಟದವರದ್ದು. ಚಳಿಗಾಲವನ್ನು ಹೊರಗೆ, ನೆಲದಲ್ಲಿ, ಹಿಮ ಬಿದ್ದರೂ ದಾಟುವ ಗಿಡ ಅವರಿಗೆ ಹಾರ್ಡಿ. ಈ ಗಿಡ ಸೊನ್ನೆಗಿಂತ ಕೆಳಗೆ 30 ಡಿಗ್ರಿಯ ಚಳಿಯನ್ನೂ ತಡೆಯುತ್ತದೆ. ಮೇಲಿನ ದಂಟು ಒಣಗಿ ಹೋಗುತ್ತದೆ, ಬೇರು ಮಣ್ಣಿನಡಿಯಲ್ಲಿ ನಿದ್ದೆ ಮಾಡಿ ಮಾರ್ಚಿನಲ್ಲಿ ಚಿಗುರುತ್ತದೆ. ಮಾಮಿಯ ಜನವರಿಯ ಫೋಟೋದಲ್ಲಿ ಕಂದು ಕಡ್ಡಿಗಳು ಮಾತ್ರ ಇದ್ದವು, ಮೇಲೆ ಬಿಳಿ ಹಿಮ. ಸತ್ತಿತು ಎಂದೇ ನಾನು ಅಂದುಕೊಂಡಿದ್ದೆ. ಏಪ್ರಿಲಿನಲ್ಲಿ ಅದೇ ಜಾಗದಲ್ಲಿ ಹಸಿರು ಗುಡ್ಡೆ.

ಆದರೆ ಲಂಡನ್ನಿನಲ್ಲಿ ವರ್ಷವಿಡೀ ಬೀಳುವ ಮಳೆ ಸುಮಾರು 600 ಮಿಲಿಮೀಟರ್. ನಮ್ಮ ಕಡೆ ಜುಲೈ ಒಂದೇ ತಿಂಗಳಲ್ಲಿ ಅದಕ್ಕಿಂತ ಹೆಚ್ಚು ಸುರಿಯುತ್ತದೆ, ವರ್ಷಕ್ಕೆ ನಾಲ್ಕು ಸಾವಿರದ ಹತ್ತಿರ. ಹಿಮಕ್ಕೆ ಹೆದರದ ಬೇರು ಕೆಸರಿಗೆ ಹೆದರುತ್ತದೆ. ಹಿಮದಲ್ಲಿ ನೀರು ಗಟ್ಟಿಯಾಗಿರುತ್ತದೆ, ಬೇರು ಮಲಗಿರುತ್ತದೆ. ಇಲ್ಲಿ ಬೇರು ಎಚ್ಚರವಾಗಿದೆ, ಉಸಿರಾಡಬೇಕು, ಮಣ್ಣಿನ ರಂಧ್ರಗಳಲ್ಲೆಲ್ಲ ನೀರು ತುಂಬಿ ಗಾಳಿಗೆ ಜಾಗವಿಲ್ಲ. ಅದರ ಮೇಲೆ ಶಿಲೀಂಧ್ರ. ಕಾಂಪೌಂಡು ಗೋಡೆಯ ಮೇಲಿದ್ದ ಎರಡು ಬಾಲ್ದಿಯ ಗಿಡಗಳು ಜೂನ್ ಮುಗಿಯುವುದರೊಳಗೆ ಬುಡ ಕಪ್ಪಾಗಿ ಬಿದ್ದವು. ಬಾವಿಯ ಕಟ್ಟೆಯ ಹತ್ತಿರ ತಗಡಿನಡಿ ಇಟ್ಟಿದ್ದ ಎರಡು ಎಣ್ಣೆ ಡಬ್ಬಿಗಳು ಆಟಿಯವರೆಗೆ ತಾಳಿದವು. ಮಳೆ ನೇರ ಬೀಳದಿದ್ದರೂ ಎರಚಲು, ಗಾಳಿಯ ತೇವ. ಎಲೆಗಳಿಗೆ ಬಿಳಿ ಹುಡಿ ಹಿಡಿದು ಉದುರಿದವು. ಉಳಿದದ್ದು ಅಡುಗೆಕೋಣೆಯ ಕಿಟಕಿಯ ಹೊರಗೆ ಸೂರಿನಡಿ ಇದ್ದ ಮಣ್ಣಿನ ಚಟ್ಟಿ. ಒಲೆಯ ಬಿಸಿಗಾಳಿ ಅದಕ್ಕೆ ತಾಗುತ್ತಿತ್ತು, ಮಣ್ಣಿನ ಚಟ್ಟಿಯ ಮೈ ನೀರು ಹೀರಿ ಹೊರಗೆ ಬಿಡುತ್ತಿತ್ತು. ಬಿಸಿಲಿಲ್ಲದೆ ಅದು ಸೊರಗಿ ಉದ್ದವಾಯಿತು, ಎಲೆ ತೆಳುವಾಯಿತು. ವಾರಕ್ಕೊಮ್ಮೆ ಮಾತ್ರ ನೀರು. ಆಗಸ್ಟಿನಲ್ಲಿ ನಾಲ್ಕು ಬೆರಳಷ್ಟು ಬಿಟ್ಟು ಉಳಿದದ್ದನ್ನು ಕತ್ತರಿಸಿ ತೆಗೆದೆ. ಅಕ್ಟೋಬರಿನ ಬಿಸಿಲಿಗೆ ಬುಡದಿಂದ ಒಟ್ಟು ಏಳು ಹೊಸ ಚಿಗುರು ಬಂತು.

ಇಂಗ್ಲೆಂಡಿನ ಗಿಡ ಡಿಸೆಂಬರಿನಲ್ಲಿ ಮಲಗಿ ಮಾರ್ಚಿನಲ್ಲಿ ಏಳುತ್ತದೆ. ನಮ್ಮದು ಜುಲೈಯಲ್ಲಿ ಕುಗ್ಗಿ ಅಕ್ಟೋಬರಿನಲ್ಲಿ ಏಳುತ್ತದೆ. ನಮ್ಮ ಚಳಿಗಾಲವೇ ಮಳೆಗಾಲ ಎಂದುಕೊಂಡರೆ ಸರಿ, ಪ್ಯಾಕೆಟ್ಟಿನ ಹಿಂದಿದ್ದ ತಿಂಗಳುಗಳನ್ನೆಲ್ಲ ಹಾಗೆ ಬದಲಾಯಿಸಿ ಬರೆದು ಕಿಟಕಿಗೆ ಅಂಟಿಸಿದ್ದೇನೆ.

ಈ ಬಳಗದಲ್ಲೇ ನಮ್ಮ ಊರಿನ ಗಟ್ಟಿ ಗಿಡ ಒಂದಿದೆ, ನೀವೆಲ್ಲ ನೋಡಿದ್ದೀರಿ. ಘಟ್ಟದ ಮೇಲಿನವರು ದೊಡ್ಡಪತ್ರೆ ಎನ್ನುತ್ತಾರೆ, ನಮ್ಮ ಕಡೆ ಸಾಂಬ್ರಾಣಿ. ದಪ್ಪ ಎಲೆ, ಅಂಚಿನಲ್ಲಿ ಕಚ್ಚು, ಮೈಯೆಲ್ಲ ಸಣ್ಣ ರೋಮ. ಮಕ್ಕಳಿಗೆ ಶೀತವಾದರೆ ಎಲೆಯನ್ನು ಬೆಂಕಿಗೆ ಹಿಡಿದು ಬಾಡಿಸಿ ರಸ ಹಿಂಡುವುದು, ಉಳಿದವರಿಗೆ ತಂಬುಳಿ, ಮಳೆಗೆ ಬಜ್ಜಿ. ವೈಜ್ಞಾನಿಕ ಹೆಸರು ಕೋಲಿಯಸ್ ಅಂಬೊಯ್ನಿಕಸ್. ಇಂಡೋನೇಷ್ಯಾದ ಅಂಬೋನ್ ದ್ವೀಪದ ಹೆಸರು ಅದಕ್ಕೆ ಅಂಟಿಕೊಂಡಿದೆಯಾದರೂ ಆಫ್ರಿಕದ ಪೂರ್ವಭಾಗ, ಅರೇಬಿಯಾದ ಕಲ್ಲುಗುಡ್ಡಗಳಲ್ಲಿಯೂ ಅದು ತಾನಾಗಿ ಬೆಳೆಯುತ್ತದೆ. ಇದೂ ಬಹುವಾರ್ಷಿಕ. ಆದರೆ ಹಾರ್ಡಿ ಎಂಬ ಪಟ್ಟ ಇದಕ್ಕೆ ಸಿಗಲಾರದು, ಒಂದು ರಾತ್ರಿಯ ಹಿಮಕ್ಕೆ ಕರಗಿ ಹೋಗುತ್ತದೆ. ಮಾಮಿ ಅಲ್ಲಿ ಮಲಯಾಳಿ ಗೆಳತಿಯೊಬ್ಬರು ಕೊಟ್ಟ ಒಂದು ಗೆಲ್ಲನ್ನು ಚಟ್ಟಿಯಲ್ಲಿ ನೆಟ್ಟು ಅಡುಗೆಕೋಣೆಯ ಕಿಟಕಿಯ ಒಳಗೆ ಇಟ್ಟುಕೊಂಡಿದ್ದಾರೆ. ಅಕ್ಟೋಬರಿನಿಂದ ಅದಕ್ಕೆ ಹೊರಗೆ ಹೋಗಲು ಅಪ್ಪಣೆಯಿಲ್ಲ. ಅಲ್ಲಿ ನಮ್ಮ ಗಿಡ ಕಿಟಕಿಯ ಒಳಗೆ, ಇಲ್ಲಿ ಅವರ ಗಿಡ ಕಿಟಕಿಯ ಹೊರಗೆ.

ಆದರೂ ಉಮ್ಮನ ಪಾಲಿಗೆ ಗಟ್ಟಿ ಗಿಡ ಎಂದರೆ ಸಾಂಬ್ರಾಣಿಯೇ. ಅದರ ಹಿಂದೆ ಒಂದು ಕತೆಯಿದೆ.

ಗೂಡಿನಬಳಿಯಲ್ಲಿ ನಮ್ಮ ಬಾಡಿಗೆ ಮನೆ ತಗ್ಗಿನಲ್ಲಿತ್ತು. ಬಂಟ್ವಾಳದ ಹಿರಿಯರು ಯಾವ ನೆರೆಯನ್ನಾದರೂ 1974ರದ್ದಕ್ಕೆ ಹೋಲಿಸಿಯೇ ಮಾತಾಡುವುದು. 2019ರ ಆಗಸ್ಟಿನಲ್ಲಿ ನೇತ್ರಾವತಿ ಏರಿದಾಗ ನಾನು ಚಿಕ್ಕವಳು. ಪಾಣೆಮಂಗಳೂರಿನ ಸೇತುವೆಯಡಿ ಕೆಂಪು ನೀರು ಮರದ ದಿಮ್ಮಿಗಳನ್ನು ಹೊತ್ತು ಹೋಗುತ್ತಿದ್ದದ್ದು ನೆನಪಿದೆ. ನಮ್ಮ ಅಂಗಳಕ್ಕೆ ನೀರು ಬಂದ ಸಂಜೆ ಉಪ್ಪ ಗ್ಯಾಸ್ ಸಿಲಿಂಡರ್, ಅಕ್ಕಿ, ನಮ್ಮ ಪುಸ್ತಕದ ಚೀಲ, ರೇಶನ್ ಕಾರ್ಡಿನ ಡಬ್ಬಿ ಆಟೋಗೆ ಹಾಕಿದರು. ಗಿಡ ಯಾರಿಗೂ ನೆನಪಾಗುವ ಹೊತ್ತಲ್ಲ. ನಾಲ್ಕು ದಿನ ಬಿಟ್ಟು ಬಂದಾಗ ಚಟ್ಟಿಗಳು ಕೆಸರಿನಡಿ ಇದ್ದವು. ಗೋಡೆ ಒಣಗಲು ತಿಂಗಳುಗಳು ಬೇಕು ಎಂದು ಅಲ್ಲಿಂದ ಮೆಲ್ಕಾರಿಗೆ ಹೋದೆವು.

ಆ ಚಳಿಗೆ ತಮ್ಮನಿಗೆ ಕೆಮ್ಮು ಬಂತು. ಡಾಕ್ಟರಿಗೆ ತೋರಿಸಿ ಮದ್ದು ತಂದದ್ದಾಯಿತು. ಆದರೆ ಕೆಮ್ಮು ಎಂದ ಕೂಡಲೇ ಉಮ್ಮನ ಕೈ ಹಿತ್ತಿಲ ಕಡೆ ಹೋಗುವುದು ಅಭ್ಯಾಸ, ಅಲ್ಲಿ ಗಿಡವಿಲ್ಲ. ಪೇಟೆಯಲ್ಲಿ ಪುದಿನದ ಕಟ್ಟು ಸಿಗುತ್ತದೆ, ಕೊತ್ತಂಬರಿ ಸಿಗುತ್ತದೆ, ಸಾಂಬ್ರಾಣಿ ಯಾರೂ ಮಾರುವುದಿಲ್ಲ. ಅದು ಮಾರುವ ಸೊಪ್ಪಲ್ಲ, ಕೇಳಿ ತರುವ ಸೊಪ್ಪು. ಒಂದು ಭಾನುವಾರ ಉಮ್ಮ ನನ್ನನ್ನು ಕರೆದುಕೊಂಡು ಗೂಡಿನಬಳಿಗೆ ಹೋದರು. ನಮ್ಮ ಹಳೆ ಮನೆಯ ಮೇಲಿನ ಏರಿನಲ್ಲಿ ಒಬ್ಬರು ಅಕ್ಕ ಇದ್ದರು, ಬೀಡಿ ಕಟ್ಟುತ್ತಿದ್ದರು. ನಾವು ಅಲ್ಲಿಗೆ ಬಂದ ಹೊಸದರಲ್ಲಿ ಅವರ ಮಗುವಿಗಾಗಿ ಉಮ್ಮ ಎರಡು ಗೆಲ್ಲು ಮುರಿದು ಕೊಟ್ಟಿದ್ದರಂತೆ, ಉಮ್ಮನಿಗೇ ಅದು ಮರೆತಿತ್ತು. ಉಮ್ಮ ಕೇಳುವ ಮೊದಲೇ ಅಕ್ಕ ಬೀಡಿಯ ಮೊರವನ್ನು ಪಕ್ಕಕ್ಕಿಟ್ಟು ಎದ್ದರು. "ಈರೆನ ಸಾಂಬ್ರಾಣಿ ಮುಲ್ಪನೇ ಉಂಡು" ಎಂದು ಕೆಂಪುಕಲ್ಲಿನ ಕಟ್ಟೆ ತೋರಿಸಿದರು. ನಿಮ್ಮ ಸಾಂಬ್ರಾಣಿ ಇಲ್ಲೇ ಇದೆ ಎಂದು. ಕಟ್ಟೆಯ ಸಂದಿನಲ್ಲಿ ಬೇರಿಳಿಸಿ ಒಂದು ಮಾರು ಉದ್ದಕ್ಕೆ ಹಬ್ಬಿತ್ತು. ಅವರಿಗೆ ಅಷ್ಟು ವರ್ಷವೂ ಅದು ನಮ್ಮ ಗಿಡವೇ ಆಗಿತ್ತು. ಎಲೆ ಮುರಿದಷ್ಟೂ ಬಾರಿ ಹಾಗೆಯೇ ಹೇಳಿಕೊಂಡಿರಬೇಕು.

ತಂದ ಗೆಲ್ಲು ಈಗ ಕೈಕಂಬದ ಮನೆಯಲ್ಲಿಯೂ ಇದೆ. ಎರಡು ಮಳೆಗಾಲ ಕಳೆದ ಮೇಲೆ ಆ ಅಕ್ಕನ ಕಟ್ಟೆ ಒಡೆದು ಹೊಸ ಗೋಡೆ ಕಟ್ಟಿದರು, ಗಿಡ ಹೋಯಿತು. ಆಗ ನಮ್ಮಲ್ಲಿಂದ ಅಲ್ಲಿಗೆ ಹೋಯಿತು. ಯಾರದ್ದು ಮೂಲ, ಯಾರದ್ದು ಮರಿ ಎಂದು ಈಗ ಹೇಳಲಾಗದು. ಗೆಲ್ಲಿನಿಂದ ಬೆಳೆದ ಗಿಡ ತಾಯಿಗಿಡದ ತದ್ರೂಪಿ ಎಂದು ಜೀವಶಾಸ್ತ್ರ ಹೇಳುತ್ತದೆ. ಆ ಲೆಕ್ಕದಲ್ಲಿ ನೆರೆಯಲ್ಲಿ ಹೋದ ಗಿಡ ಹೋಗಿಯೇ ಇಲ್ಲ.

ಬೆಕ್ಕಿಗೂ ನಮ್ಮ ಊರಿನದ್ದೇ ಒಂದು ಗಿಡವಿದೆ ಎಂದು ಗೊತ್ತಾದದ್ದು ಇದೆಲ್ಲದರ ನಡುವೆ. ಪಾಣೆಮಂಗಳೂರಿನ ಮನೆಯಲ್ಲಿ ಹುಲ್ಲು ಕೀಳುವಾಗಲೆಲ್ಲ ಮುನ್ನಿ ಒಂದು ಕಳೆಯ ಬೇರಿಗೆ ಮುಗಿಬೀಳುತ್ತಿದ್ದಳು. ಅದನ್ನು ಕಾಗದದಲ್ಲಿ ಸುತ್ತಿ ಮೇಡಂಗೆ ತೋರಿಸಿದಾಗ ಕುಪ್ಪಿಗಿಡ ಎಂದರು, ಅಕಲೈಫಾ ಇಂಡಿಕಾ. ಮಲಯಾಳದಲ್ಲಿ ಇದಕ್ಕೆ ಪೂಚ್ಚಮಯಕ್ಕಿ ಎಂಬ ಹೆಸರಿದೆ, ಬೆಕ್ಕನ್ನು ಮರುಳು ಮಾಡುವುದು ಎಂದರ್ಥ. ಪುದಿನದ ಬಳಗಕ್ಕೂ ಇದಕ್ಕೂ ಸಂಬಂಧವೇ ಇಲ್ಲ, ಇದು ಹರಳು ಗಿಡದ ಕುಟುಂಬ. ಆದರೆ ಬೇರಿನಲ್ಲಿ ನೆಪೆಟಾಲ್ಯಾಕ್ಟೋನಿಗೆ ಬಹಳ ಹತ್ತಿರದ ರಾಸಾಯನಿಕಗಳಿವೆ. ಎರಡು ಬೇರೆ ಬೇರೆ ಕುಟುಂಬಗಳು ಒಂದೇ ಮಾತನ್ನು ಕಲಿತ ಹಾಗೆ. ಕುಪ್ಪಿಗಿಡ ವಾರ್ಷಿಕ, ಮಳೆಗೆ ಹುಟ್ಟಿ ವರ್ಷದೊಳಗೆ ಮುಗಿಯುತ್ತದೆ. ಯಾರೂ ನೆಡಬೇಕಾಗಿಲ್ಲ, ಬೀಜ ಉದುರಿಸಿ ಹೋಗಿರುತ್ತದೆ, ಚರಂಡಿಯ ಬದಿಯಲ್ಲೂ ಬರುತ್ತದೆ. ದುಡ್ಡು ಕೊಟ್ಟು ಬೀಜ ತರಿಸಿದ ನನ್ನನ್ನು ನೋಡಿ ತಮ್ಮ ನಕ್ಕದ್ದು ಇದಕ್ಕೇ. ನಗಲಿ. ಎಲೆ ಉಜ್ಜಿದಾಗ ಪುದಿನ ಮತ್ತು ನಿಂಬೆಯ ನಡುವಿನ ಆ ಪರಿಮಳ ಕುಪ್ಪಿಗಿಡಕ್ಕಿಲ್ಲ. ಒಂದು ಬೀಜ ಹಿಮದ ದೇಶಕ್ಕಾಗಿ ಕಲಿತದ್ದನ್ನು ನಮ್ಮ ಅಡುಗೆಕೋಣೆಯ ಕಿಟಕಿಯಲ್ಲಿ ಹೇಗೆ ಬದಲಾಯಿಸಿಕೊಳ್ಳುತ್ತದೆ ಎಂದು ನೋಡುವ ಸಂತೋಷವೂ ಇಲ್ಲ.

ಈಗಿನ ಸಂಗತಿ ಇಷ್ಟು. ಡಿಸೆಂಬರಿನಲ್ಲಿ ಮಾಲೀಕರು ಬಂದು ಚಹಾ ಕುಡಿದು, ಮಾರ್ಚ್ ಕೊನೆಗೆ ಮನೆ ಬೇಕಾಗುತ್ತದೆ ಎಂದು ಹೇಳಿ ಹೋದರು. ಬಹಳ ಸಂಕೋಚದಿಂದ ಹೇಳಿದರು. ನನಗೆ ಮಾರ್ಚಿನಲ್ಲಿ ದ್ವಿತೀಯ ಪಿಯುಸಿ ಪರೀಕ್ಷೆ. ಉಪ್ಪ ತುಂಬೆಯ ಕಡೆ ಒಂದು ಮನೆ ನೋಡಿದ್ದಾರೆ, ಮೊದಲ ಮಹಡಿ. ನಾನು ಹೋಗಿ ನೋಡಿದ್ದು ಎರಡನ್ನು ಮಾತ್ರ: ಓದಲು ಬಾಗಿಲು ಹಾಕುವ ಕೋಣೆ ಇದೆಯೇ, ಅಡುಗೆಕೋಣೆಯ ಕಿಟಕಿಗೆ ಸೂರು ಇದೆಯೇ. ಕೋಣೆ ಇಲ್ಲ. ಸೂರು ಇದೆ, ಎರಡು ಅಡಿಯದ್ದು, ಪೂರ್ವಕ್ಕೆ. ಪಶ್ಚಿಮದ ಗಾಳಿಮಳೆ ಅಲ್ಲಿಗೆ ಎರಚುವುದಿಲ್ಲ.

ಮಣ್ಣಿನ ಚಟ್ಟಿ ಕೊನೆಯ ಟ್ರಿಪ್ಪಿನಲ್ಲಿ ಆಟೋದ ಹಿಂದಿನ ಸೀಟಿನಲ್ಲಿ ನನ್ನ ಕಾಲಿನ ನಡುವೆ ಬರುತ್ತದೆ, ಮುನ್ನಿ ಬುಟ್ಟಿಯಲ್ಲಿ. ಅದು ದಾರಿಯಲ್ಲಿ ಒಡೆದರೂ ಆಗುತ್ತದೆ ಎಂದು ಉಮ್ಮನಿಂದ ಕಲಿತ ಕೆಲಸವನ್ನು ಈ ತಿಂಗಳೇ ಮಾಡಿ ಮುಗಿಸಿದ್ದೇನೆ. ಹೂ ಬಿಡದ ಗೆಲ್ಲುಗಳನ್ನು ಬೆರಳುದ್ದ ಕತ್ತರಿಸಿ, ಕೆಳಗಿನ ಎಲೆ ತೆಗೆದು ನೀರಿನ ಗ್ಲಾಸಿನಲ್ಲಿ ಇಟ್ಟೆ. ಎರಡು ದಿನಕ್ಕೊಮ್ಮೆ ನೀರು ಬದಲಾಯಿಸಿದೆ. ಎರಡು ವಾರದಲ್ಲಿ ಬಿಳಿ ಬೇರು ಬಂತು. ಈಗ ಒಂಬತ್ತು ಸಣ್ಣ ಗಿಡಗಳು ಹಾಲಿನ ತೊಟ್ಟೆಗಳಲ್ಲಿ ನಿಂತಿವೆ. ಒಂದು ಗೂಡಿನಬಳಿಯ ಅಕ್ಕನಿಗೆ, ಅವರ ಮನೆಯಲ್ಲೂ ಈಗ ಬೆಕ್ಕಿದೆ. ಒಂದನ್ನು ಮಾಲೀಕರ ಮನೆಗೇ ಕೊಡಬೇಕು ಎಂದು ಉಮ್ಮ ಹೇಳಿದ್ದಾರೆ. ಮೂರನ್ನು ತರಗತಿಯವರು ಆಗಲೇ ಕೇಳಿದ್ದಾರೆ.

ಉಳಿದದ್ದು ನಾಲ್ಕು. ಬೇಕಾದವರು ಪೂರ್ವಸಿದ್ಧತಾ ಪರೀಕ್ಷೆ ಮುಗಿಯುವುದರೊಳಗೆ ವಿಜ್ಞಾನ ವಿಭಾಗದಲ್ಲಿ ನನ್ನನ್ನು ಕೇಳಿ. ಬೆಕ್ಕಿದ್ದವರಿಗೆ ಮೊದಲು. ಸೂರಿನಡಿ ಜಾಗ ಇದೆಯೇ ಎಂದು ನೋಡಿಕೊಂಡು ಬನ್ನಿ, ಜೊತೆಗೆ ಒಂದು ತಳ ಹರಿದ ಬುಟ್ಟಿಯನ್ನೂ ಹುಡುಕಿಟ್ಟುಕೊಳ್ಳಿ.